ಪುಲಕೇಶಿಯ ಕಾಲಾಳಿಗೆ ಯಾವ ಬಣ್ಣ? ಹರ್ಷನೇ ಏಕೆ ಗೆಲ್ಲುತ್ತಿದ್ದಾನೆ?

ಗದಗಿನ ಡ್ರಾಯಿಂಗ್ ಮಾಸ್ತರ

ನಮಸ್ಕಾರ. ಇಪ್ಪತ್ತಾರು ವರ್ಷಗಳಿಂದ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದೇನೆ. ಯಾವ ಬಣ್ಣ ಬಳಿಯಲಿ ಎಂದು ನಾನೇ ಬೇರೆಯವರನ್ನು ಕೇಳುವ ಕಾಲ ಬರುತ್ತದೆಂದು ಎಣಿಸಿರಲಿಲ್ಲ.

ಏಪ್ರಿಲ್‌ನಲ್ಲಿ ನನ್ನ ಸೋದರಳಿಯ ಬ್ರಿಸ್ಟಲ್‌ನಿಂದ ರಜೆಗೆ ಬಂದ. ಅಲ್ಲಿ ವಾರಕ್ಕೊಮ್ಮೆ ಗೆಳೆಯರೊಂದಿಗೆ ಪುಟ್ಟ ಲೋಹದ ಸೈನಿಕರನ್ನು ಮೇಜಿನ ಮೇಲೆ ಹೂಡಿ ಹಳೆಯ ಕಾಳಗಗಳನ್ನು ಆಡುತ್ತಾನೆ. ರೋಮನ್ನರು, ಕಾರ್ತೇಜಿನವರು, ಸ್ಯಾಕ್ಸನ್ನರು ಹೀಗೆ. ನನಗಾಗಿ ಬಿಸ್ಕತ್ತಿನ ಡಬ್ಬಿಯಲ್ಲಿ ಎರಡು ಭಾರತೀಯ ಸೈನ್ಯಗಳನ್ನು ಹತ್ತಿಯಲ್ಲಿ ಸುತ್ತಿ ತಂದಿದ್ದ. ಕಾಲಾಳಿನ ಎತ್ತರ 15 ಮಿಲಿಮೀಟರ್. ಕನ್ನಡಕ ಸಾಲದೆ ಭೂತಗನ್ನಡಿ ಹಿಡಿದು ನೋಡಿದರೆ ಮೀಸೆ ಕೂಡ ಇದೆ. ‘ಒಂದನ್ನು ಪುಲಕೇಶಿ ಮಾಡಿ, ಇನ್ನೊಂದನ್ನು ಹರ್ಷ ಮಾಡಿ ಮಾವ’ ಎಂದು ಹೇಳಿ ವಿಮಾನ ಹತ್ತಿದ.

ಆಟದ ಹೆಸರು ಡಿಬಿಎ. ಗೊತ್ತಿಲ್ಲದವರಿಗೆ ಹೇಳುತ್ತೇನೆ: 1990ರಲ್ಲಿ ಇಂಗ್ಲೆಂಡಿನಲ್ಲಿ ಬಂದ ನಿಯಮಾವಳಿ. ಒಂದು ಕಡೆಗೆ ಹನ್ನೆರಡೇ ತುಕಡಿ. ತುಕಡಿಯೆಂದರೆ 40 ಮಿ.ಮೀ. ಅಗಲದ ಪಟ್ಟಿಯ ಮೇಲೆ ಅಂಟಿಸಿದ ಎರಡೋ ಮೂರೋ ನಾಲ್ಕೋ ಆಳುಗಳು, ಇಲ್ಲವೇ ಒಂದು ಆನೆ. ದಾಳದಲ್ಲಿ ಎಷ್ಟು ಬಿತ್ತೋ ಅಷ್ಟು ತುಕಡಿಗಳನ್ನು ಅಥವಾ ಗುಂಪುಗಳನ್ನು ಆ ಸರದಿಯಲ್ಲಿ ನಡೆಸಬಹುದು. ನಾಲ್ಕು ತುಕಡಿ ಕಳೆದುಕೊಂಡರೆ ಸಾಮಾನ್ಯವಾಗಿ ಆಟ ಮುಗಿದಂತೆ. ಪಟ್ಟಿಗಳಿಗೆ ಮನೆಯಲ್ಲಿ ರಾಶಿ ಬಿದ್ದಿದ್ದ ಮದುವೆ ಆಮಂತ್ರಣಗಳ ರಟ್ಟು ಕತ್ತರಿಸಿದೆ. ರಣರಂಗಕ್ಕೆ ಕೇರಂ ಹಲಗೆ. ಆಟಕ್ಕೆ ಬೇಕಾದದ್ದು 24 ಅಂಗುಲದ ಚೌಕ, ಕೇರಂನ ಒಳಗೆ 29 ಅಂಗುಲ ಸಿಗುತ್ತದೆ. ಪೌಡರ್ ಒರೆಸದಿದ್ದರೆ ಕುದುರೆಗಳು ಜಾರುತ್ತವೆ, ಅಷ್ಟೇ ತೊಂದರೆ.

ಈಗ ಸಂಕಟ. ಬಾದಾಮಿ, ಐಹೊಳೆ, ಪಟ್ಟದಕಲ್ಲಿಗೆ ಮಕ್ಕಳನ್ನು ಕರೆದುಕೊಂಡು ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಕತ್ತಿ ಹಿಡಿದ ಮುಷ್ಟಿ, ಗುರಾಣಿಯ ಬಾಗು, ನಡುಕಟ್ಟಿನ ಗಂಟು ಎಲ್ಲವೂ ಕಲ್ಲಿನಲ್ಲಿದೆ. ಬಣ್ಣವೊಂದೇ ಇಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿ (ಮಂಗಳೇಶ ಕೊರೆಸಿದ್ದು, ಕ್ರಿ.ಶ. 578) ಚಿತ್ರಗಳ ಅಳಿದುಳಿದ ಕುರುಹು ಇದೆ, ಆದರೆ ಅದರಿಂದ ಕಾಲಾಳಿನ ಧೋತರದ ಬಣ್ಣ ಹೆಕ್ಕುವುದು ನನ್ನಿಂದಾಗಲಿಲ್ಲ. ‘ಕೇಸರಿ ಬಳಿದುಬಿಡಿ, ಎಲ್ಲರೂ ಹಾಗೇ ಮಾಡುತ್ತಾರೆ’ ಎನ್ನುತ್ತಾನೆ ಅಳಿಯ. ಅವನು ಬಿಟ್ಟುಹೋದ ಬಾಟಲಿಗಳಲ್ಲಿ ಒಂದರ ಮೇಲೆ ‘ಮೈಬಣ್ಣ’ ಎಂಬ ಅರ್ಥದ ಚೀಟಿ ಇತ್ತು. ತೆರೆದರೆ ಎಳೆ ಹಂದಿಮರಿಯ ಬಣ್ಣ. ಇದು ನಮ್ಮೂರಿನ ಯಾರ ಮೈಬಣ್ಣವೂ ಅಲ್ಲ.

ಜೊತೆಗೆ ಒಂದು ಪೆದ್ದುತನವನ್ನೂ ಮಾಡಿಕೊಂಡಿದ್ದೇನೆ. ಮೇ ತಿಂಗಳ ಮಟಮಟ ಮಧ್ಯಾಹ್ನ ಮಾಳಿಗೆಯ ಮೇಲೆ ನಿಂತು ಸ್ಪ್ರೇ ಡಬ್ಬಿಯಿಂದ ಪ್ರೈಮರ್ ಹೊಡೆದೆ. ಬಣ್ಣ ಗಾಳಿಯಲ್ಲೇ ಒಣಗಿ ರವೆ ರವೆಯಾಗಿ ಕೂತಿದೆ. ಹರ್ಷನ ಬಿಲ್ಲಾಳುಗಳೆಲ್ಲ ಉಪ್ಪಿಟ್ಟಿನಲ್ಲಿ ಹೊರಳಾಡಿ ಎದ್ದವರಂತೆ ಕಾಣುತ್ತಾರೆ.

ಎರಡನೆಯ ಪ್ರಶ್ನೆ ಆಟದ್ದು. ಪಕ್ಕದ ಮನೆಯ ಒಂಬತ್ತನೆಯ ತರಗತಿಯ ಹುಡುಗ ಹರ್ಷನಾಗುತ್ತಾನೆ, ನಾನು ಪುಲಕೇಶಿ. ಅವನಿಗೆ ನಾಲ್ಕು ಆನೆ, ನಾಲ್ಕು ಕುದುರೆ, ನಾಲ್ಕು ಬಿಲ್ಲು. ನನಗೆ ಎರಡು ಆನೆ, ಮೂರು ಕುದುರೆ, ನಾಲ್ಕು ಬಿಲ್ಲು, ಮೂರು ಕತ್ತಿ-ಗುರಾಣಿ. (ಪುಸ್ತಕದ ಪಟ್ಟಿಯಲ್ಲ, ನಾವೇ ಹಂಚಿಕೊಂಡದ್ದು.) ಹನ್ನೊಂದು ಆಟಗಳಲ್ಲಿ ಎಂಟು ಅವನದೇ. ಮೊನ್ನೆ ಗೆದ್ದ ಮೇಲೆ ಕೇಳಿದ: ‘ಸರ್, ನಮ್ಮ ಸಮಾಜ ಪುಸ್ತಕದಲ್ಲಿ ತಪ್ಪು ಅಚ್ಚಾಗಿದೆಯೇ?’

ಚಾಲುಕ್ಯರ ವರಾಹ ಧ್ವಜವನ್ನೂ, ಸಾಲು ಬಾವುಟಗಳ ಪಾಳಿಧ್ವಜವನ್ನೂ ಕಾಗದದಲ್ಲಿ ಮಾಡಿಟ್ಟಿದ್ದೇನೆ. ಅವುಗಳ ಬಣ್ಣವೂ ಬೇಕು.

ಇಳಕಲ್ಲಿನ ಬಣ್ಣಗಾರ

ಮಾಸ್ತರರೇ, ಕಲ್ಲು ಹೇಳದಿದ್ದರೆ ಬಟ್ಟೆಯನ್ನು ಕೇಳಿ. ನಮ್ಮ ಅಜ್ಜ ನೂಲಿಗೆ ಬಣ್ಣ ಹಾಕುತ್ತಿದ್ದರು, ಅಪ್ಪ ಹಾಕಿದರು, ನನ್ನ ಉಗುರಿನ ಸಂದು ಈಗಲೂ ನೀಲಿ. ನಿಮ್ಮ ಆಟ ನನಗೆ ತಿಳಿಯದು. ಆದರೆ ಗಿಡ, ಬೇರು, ತೊಗಟೆಗಳಿಂದ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದು ತಿಳಿದಿದೆ. ಅದು ಪುಲಕೇಶಿಯ ಕಾಲಕ್ಕೂ ಇಂದಿಗೂ ಒಂದೇ.

ಮೊದಲು ಬಿಳಿ. ಬಾಟಲಿಯ ಬಿಳಿಯನ್ನು ಹಾಗೆಯೇ ಬಳಿಯಬೇಡಿ. ಬಣ್ಣ ಕಾಣದ ಹತ್ತಿಬಟ್ಟೆ, ನಾವು ಕೋರಾ ಎನ್ನುವುದು, ಹಾಲಿನ ಕೆನೆಯಂತಿರುತ್ತದೆ. ಒಗೆದು ಒಗೆದು ಬಿಸಿಲಿಗೆ ಹಾಕಿದ ಮೇಲಷ್ಟೇ ಬೆಳ್ಳಗಾಗುತ್ತದೆ. ನಿಮ್ಮ ಸೈನ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೋರಾ ಸಾಕು. ಬಣ್ಣಕ್ಕೆ ದುಡ್ಡು ಬೇಕು, ಕಾಲಾಳಿನ ಹತ್ತಿರ ಅದೆಲ್ಲಿಂದ ಬರಬೇಕು?

ಕೆಂಪಿನಲ್ಲಿ ಮೂರು ತರ. ಮಂಜಿಷ್ಠದ ಬೇರಿಗೆ ಪಟಿಕ ಸೇರಿದರೆ ಇಟ್ಟಿಗೆಗೂ ದಾಳಿಂಬೆಗೂ ನಡುವಿನ ಕೆಂಪು. ಗಟ್ಟಿ ಬಣ್ಣ, ವರ್ಷಗಟ್ಟಲೆ ನಿಲ್ಲುತ್ತದೆ. ಅರಗಿನ ಕೆಂಪು ಒಂದಿಷ್ಟು ನೇರಳೆಗೆ ವಾಲುತ್ತದೆ, ರೇಷ್ಮೆಯ ಮೇಲೆ ಬಹಳ ಚೆನ್ನ. ಅದನ್ನು ಆನೆಯ ಮೇಲೆ ಕೂತವನಿಗೆ ಕೊಡಿ. ಮೂರನೆಯದು ಕುಸುಬೆ. ಗದಗಿನವರಿಗೆ ಕುಸುಬೆ ಎಂದರೆ ಎಣ್ಣೆ, ಆದರೆ ಎಸಳಿನೊಳಗೆ ಅಡಗಿದ ಗುಲಾಬಿಗೆಂಪು ನೋಡಿದರೆ ಕಣ್ಣು ತೆಗೆಯಲಾಗದು. ಒಂದೇ ದೋಷ, ಬಿಸಿಲಿಗೆ ನಿಲ್ಲುವುದಿಲ್ಲ. ವಾತಾಪಿಯಿಂದ ಹೊರಟ ದಿನ ಮದುಮಗನ ರುಮಾಲಿನಂತಿದ್ದದ್ದು ನರ್ಮದೆ ತಲುಪುವಷ್ಟರಲ್ಲಿ ಈರುಳ್ಳಿ ಸಿಪ್ಪೆಯಾಗಿರುತ್ತದೆ. ಹಾಗೆಯೇ ಬಳಿಯಿರಿ.

ಅರಿಸಿನವೂ ಅದೇ ಜಾತಿ, ಬಿಸಿಲು ಕಂಡರೆ ಓಡುತ್ತದೆ. ದಾಳಿಂಬೆ ಸಿಪ್ಪೆಯ ಹಳದಿ ಅದಕ್ಕಿಂತ ಮಂಕು, ಆದರೆ ನಂಬಿಗಸ್ತ. ಅಳಲೆಕಾಯಿಗೆ ಕಬ್ಬಿಣದ ನೀರು ಕೂಡಿದರೆ ಕಪ್ಪು. ನೀಲಿಯ ಬಾನಿಯಲ್ಲಿ ಒಮ್ಮೆ ಮುಳುಗಿಸಿದರೆ ಆಕಾಶ, ಆರೇಳು ಸಲ ಮುಳುಗಿಸಿದರೆ ಅಮಾವಾಸ್ಯೆ.

ಹಸಿರಿನ ಗುಟ್ಟು ಕೇಳಿ. ಒಂದೇ ಅದ್ದಿಗೆ ಒಳ್ಳೆಯ ಹಸಿರು ಕೊಡುವ ಗಿಡವನ್ನು ನಮ್ಮ ಮನೆತನದಲ್ಲಿ ಯಾರೂ ಬಳಸಲಿಲ್ಲ. ಹಳದಿಯನ್ನೂ ನೀಲಿಯನ್ನೂ ಒಂದರ ಮೇಲೊಂದು ಹಾಕಬೇಕು. ಹಳದಿ ಮೊದಲು ಸಾಯುತ್ತದೆ, ನೀಲಿ ಉಳಿಯುತ್ತದೆ. ಹಳೆಯ ಹಸಿರು ಬಟ್ಟೆ ಹೆಗಲ ಮೇಲೆ ನೀಲಿಯಾಗಿ, ಮಡಿಕೆಯ ಒಳಗೆ ಮಾತ್ರ ಹಸಿರಾಗಿ ಇರುತ್ತದೆ. ಹದಿನೈದು ಮಿಲಿಮೀಟರ್ ಗೊಂಬೆಯ ಮೇಲೆ ಇದನ್ನು ಬಿಡಿಸಬಲ್ಲಿರಾದರೆ ನಿಮ್ಮ ಇಪ್ಪತ್ತಾರು ವರ್ಷಕ್ಕೆ ನನ್ನದೊಂದು ಶಾಲು.

ಇನ್ನು ಸಮವಸ್ತ್ರ. ಇತ್ತೋ ಇಲ್ಲವೋ ಎಂದು ಓದಿದವರು ಜಗಳವಾಡಲಿ. ನನ್ನ ಲೆಕ್ಕ ಬೇರೆ. ಒಂದೂರಿನವರು ಒಂದೇ ಬಾನಿಯ ನೂಲು ಉಡುತ್ತಾರೆ. ಆದ್ದರಿಂದ ಒಂದು ಪಟ್ಟಿಯ ಮೇಲಿನ ನಾಲ್ವರು ಒಬ್ಬರಿಗೊಬ್ಬರು ಹತ್ತಿರವಿರಲಿ, ಪಕ್ಕದ ಪಟ್ಟಿಯವರು ಬೇರೆಯಾಗಿರಲಿ. ದೂರದಿಂದ ಸೈನ್ಯವಾಗಿ ಕಾಣುತ್ತದೆ, ಹತ್ತಿರದಿಂದ ಜನರಾಗಿ ಕಾಣುತ್ತಾರೆ.

ಯಾರಾದರೂ ಇಳಕಲ್ ದಡಿ ಬಿಡಿಸಿ ಎಂದು ಸಲಹೆ ಕೊಟ್ಟರೆ ಕೇಳಬೇಡಿ. ನಮ್ಮ ಹೆಮ್ಮೆ ನಮಗಿರಲಿ, ಏಳನೆಯ ಶತಮಾನದವರ ಮೇಲೆ ಅದನ್ನು ಹೊರಿಸುವುದು ಬೇಡ. ಪಟ್ಟೆ ಬೇಕಾದರೆ ಅಜಂತಾಕ್ಕೆ ಹೋಗಿ. ಅಲ್ಲಿನ ಚಿತ್ರಗಳಲ್ಲಿ ಅಡ್ಡಪಟ್ಟೆಯ ಉಡುಗೆ ಬೇಕಾದಷ್ಟಿದೆ. ಹದಿನೇಳನೆಯ ಗುಹೆಯಲ್ಲಿ ಆನೆ-ಕುದುರೆಗಳ ದಂಡೇ ಇದೆ. ನಿಮ್ಮ ಪುಲಕೇಶಿಗಿಂತ ಒಂದೂವರೆ ಶತಮಾನದಷ್ಟು ಹಿಂದಿನವು, ಆದರೂ ಕಲ್ಲಿಗಿಂತ ಬಾಯಿಬಿಟ್ಟು ಮಾತಾಡುತ್ತವೆ.

ಕುಶಾಲನಗರದವನು

ಒಂದೇ ಮಾತು. ಆನೆಗೆ ಬೂದು ಬಣ್ಣ ಬಳಿಯಬೇಡಿ. ದುಬಾರೆಗೆ ಬಂದು ನೋಡಿ; ಸ್ನಾನ ಮಾಡಿಸಿದ ಅರ್ಧ ಗಂಟೆಗೆ ಅದು ತಾನೇ ಮೈಮೇಲೆ ಮಣ್ಣು ಎರಚಿಕೊಂಡು ನೆಲದ ಬಣ್ಣಕ್ಕೆ ಬಂದಿರುತ್ತದೆ. ಕಪ್ಪಿಗೆ ಕಂದು ಬೆರೆಸಿ ಮೊದಲ ಲೇಪ ಕೊಡಿ, ಮೇಲೆ ಒಣ ಕುಂಚದಿಂದ ನೀವು ಪಟ್ಟಿಗೆ ಅಂಟಿಸುವ ಮಣ್ಣಿನ ಬಣ್ಣವನ್ನೇ ಸವರಿ. ಕಿವಿಯ ಅಂಚಿಗೆ, ಸೊಂಡಿಲಿನ ಬುಡಕ್ಕೆ ನಸುಗುಲಾಬಿ ಚುಕ್ಕೆ, ವಯಸ್ಸಾದಷ್ಟೂ ಹೆಚ್ಚು. ಅಳಿಯ ಕೊಟ್ಟ ಹಂದಿಮರಿ ಬಾಟಲಿ ಇಲ್ಲಿ ಖರ್ಚಾಗುತ್ತದೆ.

ಶಾಸನಪ್ರಿಯ

ಮಾನ್ಯರೇ, ಪಾಳಿಧ್ವಜವನ್ನು ದಯವಿಟ್ಟು ತೆಗೆಯಿರಿ. ಗಂಗಾ-ಯಮುನಾ ಚಿಹ್ನೆಗಳೊಂದಿಗೆ ಪಾಳಿಧ್ವಜವನ್ನು ಉತ್ತರದ ದೊರೆಯಿಂದ ಗೆದ್ದು ತಂದದ್ದು ವಿನಯಾದಿತ್ಯನ ಕಾಲದಲ್ಲಿ, ಅವನ ಮಗ ವಿಜಯಾದಿತ್ಯ. ವಿನಯಾದಿತ್ಯ ಇಮ್ಮಡಿ ಪುಲಕೇಶಿಯ ಮೊಮ್ಮಗ. ಮರಿಮಗ ಗೆದ್ದ ಬಾವುಟವನ್ನು ಮುತ್ತಜ್ಜನ ಕೈಗೆ ಕೊಟ್ಟಂತಾಯಿತು. ವರಾಹಕ್ಕೆ ಅಡ್ಡಿಯಿಲ್ಲ, ತಾಮ್ರಪಟಗಳ ಮುದ್ರೆಯಲ್ಲೇ ಇದೆ.

ಸೋಲಿನ ವಿಚಾರಕ್ಕೆ ಬರುತ್ತೇನೆ. ನೀವು ಯುದ್ಧವನ್ನು ಬಟಾಬಯಲಿನಲ್ಲಿ ಆಡುತ್ತಿದ್ದೀರಿ ಎಂದು ನನ್ನ ಗುಮಾನಿ. ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿ ಕೆತ್ತಿಸಿದ ಶಾಸನ ಶಕ 556ರದ್ದು, ಅಂದರೆ ಕ್ರಿ.ಶ. 634, ಪುಲಕೇಶಿ ಬದುಕಿದ್ದಾಗಲೇ ಬರೆದದ್ದು. ‘ಭಯವಿಗಲಿತಹರ್ಷ’ ಎಂಬ ಶ್ಲೇಷೆ ಎಲ್ಲರಿಗೂ ಬಾಯಿಪಾಠ: ಕಾಳಗದಲ್ಲಿ ಆನೆಗಳ ಹಿಂಡು ಉರುಳಿದ್ದನ್ನು ಕಂಡು ಹರ್ಷನ ಹರ್ಷ ಕರಗಿತು. ಅದರ ಮುಂದಿನ ಪದ್ಯವನ್ನು ಯಾರೂ ಓದುವುದಿಲ್ಲ. ಅಲ್ಲಿ ರೇವಾ, ಅಂದರೆ ನರ್ಮದಾ ನದಿಯ ಮರಳು ದಿಣ್ಣೆಗಳಿವೆ, ವಿಂಧ್ಯದ ತಪ್ಪಲಿದೆ. ಗಾತ್ರದಲ್ಲಿ ಬೆಟ್ಟಗಳಿಗೇ ಪೈಪೋಟಿ ಕೊಡುತ್ತಿದ್ದುದರಿಂದಲೋ ಎಂಬಂತೆ ಪುಲಕೇಶಿಯ ಆನೆಗಳು ಆ ಪ್ರದೇಶವನ್ನು ದೂರವಿಡಬೇಕಾಯಿತು ಎನ್ನುತ್ತಾನೆ ಕವಿ. ಅಲಂಕಾರ ನಿಜ. ಆದರೆ ಅಲಂಕಾರದ ಕೆಳಗೆ ಒಂದು ಪ್ರಾಮಾಣಿಕ ಮಾತು ಇಣುಕುತ್ತಿದೆ ಎಂದು ನನಗನ್ನಿಸುತ್ತದೆ: ಆ ನೆಲ ಆನೆಗೆ ಹೇಳಿಸಿದ್ದಲ್ಲ.

ಹ್ಯೂಯೆನ್‌ತ್ಸಾಂಗ್ ಆಸ್ಥಾನಕವಿಯಲ್ಲ, ಹರ್ಷನ ಆದರ ಪಡೆದವನು. ಅವನೂ ಹರ್ಷ ದಂಡೆತ್ತಿ ಹೋದನಾದರೂ ಈ ನಾಡನ್ನು ಬಗ್ಗಿಸಲಾಗಲಿಲ್ಲ ಎನ್ನುತ್ತಾನೆ. ಗಮನಿಸಿ, ಹರ್ಷನ ಸೈನ್ಯ ನಿರ್ನಾಮವಾಯಿತು ಎನ್ನುವುದಿಲ್ಲ. ಇಲ್ಲಿನ ವೀರರು ಕಾಳಗಕ್ಕೆ ಮುಂಚೆ ತಾವೂ ಕುಡಿದು ಆನೆಗಳಿಗೂ ಕುಡಿಸಿ ನುಗ್ಗುತ್ತಾರೆ ಎಂದೂ ಬರೆದಿದ್ದಾನೆ. ಸೋತ ಸೇನಾಪತಿಗೆ ಶಿಕ್ಷೆಯಿಲ್ಲ, ಹೆಂಗಸರ ಉಡುಪು ಕೊಡುತ್ತಾರಂತೆ. ಎಂಟು ಸಲ ಸೋತಿದ್ದೀರಿ, ಈ ನಿಯಮವನ್ನು ಹುಡುಗನಿಗೆ ಹೇಳಬೇಡಿ.

ದಾಳ ಬಿದ್ದಂತೆ

ಮಾಸ್ತರರೇ, ನಾನು ಬೆಂಗಳೂರಿನವಳು, ಏಳು ವರ್ಷದಿಂದ ಆಡುತ್ತಿದ್ದೇನೆ, ನನ್ನವರು ಆರು ವರ್ಷದಿಂದ ಸೋಲುತ್ತಿದ್ದಾರೆ.

ಮೊದಲು ರವೆ. ಲೋಹದ ಗೊಂಬೆಯಾದ್ದರಿಂದ ಹೆದರಬೇಡಿ. ಮುಚ್ಚಳವಿರುವ ಗಾಜಿನ ಬಾಟಲಿಯಲ್ಲಿ ನೀರು ಬೆರೆಸದ ಡೆಟಾಲ್ ಹಾಕಿ ಒಂದು ರಾತ್ರಿ ನೆನೆಸಿ. ಕೈಗವಸು ತೊಟ್ಟು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಬಣ್ಣ ಪೂರ್ತಿ ಬಿಡುವವರೆಗೆ ನೀರು ತಾಗಿಸಬೇಡಿ. ತಾಗಿದರೆ ಬಿಟ್ಟ ಬಣ್ಣವೆಲ್ಲ ಹಲಸಿನ ಮೇಣದಂತೆ ಅಂಟಿಕೊಳ್ಳುತ್ತದೆ. ಡೆಟಾಲ್‌ನಲ್ಲೇ ಇನ್ನೊಮ್ಮೆ ಅಲುಗಿಸಿ, ಆಮೇಲೆ ಪಾತ್ರೆ ತೊಳೆಯುವ ಸೋಪು. ಮುಂದಿನ ಸಲ ಸ್ಪ್ರೇಯನ್ನು ಬೆಳಿಗ್ಗೆ ಏಳರೊಳಗೆ ಮುಗಿಸಿ, ಇಲ್ಲವೇ ಪ್ರೈಮರನ್ನು ಕುಂಚದಿಂದಲೇ ಹಚ್ಚಿ. ಹನ್ನೆರಡು ತುಕಡಿಗೆ ಸ್ಪ್ರೇ ಏಕೆ ಬೇಕು?

ಇಷ್ಟು ಚಿಕ್ಕ ಗೊಂಬೆಗೆ ಡ್ರಾಯಿಂಗ್ ಮಾಸ್ತರರ ಕಣ್ಣು ಒಂದು ರೀತಿಯಲ್ಲಿ ಶತ್ರು. ನೀವು ನಿಜದ ನೆರಳು-ಬೆಳಕು ಹಾಕುತ್ತೀರಿ. ಎರಡಡಿ ದೂರದಿಂದ ನೋಡಿದರೆ ಅದು ಕೆಸರು. ನೆರಳು ಬೇಕಾದದ್ದಕ್ಕಿಂತ ಕಪ್ಪಾಗಿರಲಿ, ಬೆಳಕು ನಾಚಿಕೆಯಾಗುವಷ್ಟು ಬೆಳ್ಳಗಿರಲಿ. ಮೈಬಣ್ಣಕ್ಕೆ ಕಾವಿ, ಮೇಲೊಂದು ತೆಳ್ಳನೆಯ ಕಪ್ಪು-ಕಂದು ನೀರು, ಮೂಗಿಗೂ ಮಂಡಿಗೂ ಕಾವಿಯೊಳಗೆ ಹಳದಿ ಬೆರೆಸಿದ ಒಂದೊಂದು ಚುಕ್ಕೆ. ಕಣ್ಣು ಬಿಡಿಸಲು ಹೋಗಬೇಡಿ, ಎಲ್ಲರೂ ಬೆಚ್ಚಿಬಿದ್ದವರಂತೆ ಕಾಣುತ್ತಾರೆ.

ಈಗ ಆಟ. ಶಾಸನಪ್ರಿಯರು ಹೇಳಿದ್ದನ್ನೇ ನಿಯಮ ಮಾಡೋಣ. ಕೆಳಗಿನದೆಲ್ಲ ಮನೆಯ ನಿಯಮ, ಪುಸ್ತಕದ್ದಲ್ಲ. ಹಲಗೆಯ ನಡುವೆ ಒಂದು ಗೇಣಿನಷ್ಟು ಅಗಲಕ್ಕೆ ನದಿ. ಅದರೊಳಗೆ ಮೂರು ಮರಳು ದಿಣ್ಣೆ. ದಾಟುವುದು ಅವುಗಳ ಮೇಲೆಯೇ. ದಿಣ್ಣೆಯ ಮೇಲೆ ಸಾಲಾಗಿ ಹರಡಿ ನಡೆಯುವಂತಿಲ್ಲ, ಒಂದರ ಹಿಂದೆ ಒಂದು. ಆನೆಗೂ ಕುದುರೆಗೂ ಅಲ್ಲಿ ಹೊಡೆದಾಟದಲ್ಲಿ ದಾಳಕ್ಕೆ ಕೂಡುವ ಅಂಕದಲ್ಲಿ ಎರಡು ಕಡಿಮೆ. ಹುಡುಗನ ಕಡೆಯ, ಅಂದರೆ ಉತ್ತರದ ಒಂದು ಮೂಲೆಯಲ್ಲಿ ವಿಂಧ್ಯ, ಅಲ್ಲಿ ಆನೆಗೆ ಪ್ರವೇಶವೇ ಇಲ್ಲ. ನಿಮ್ಮ ಎರಡು ಆನೆಗಳಲ್ಲಿ ಒಂದನ್ನು ಡಬ್ಬಿಗೆ ಹಾಕಿ, ಬದಲಿಗೆ ಇನ್ನೊಂದು ಬಿಲ್ಲಿನ ತುಕಡಿ ತೆಗೆದುಕೊಳ್ಳಿ. ಡಿಬಿಎಯಲ್ಲಿ ಬಿಲ್ಲಾಳಿಗೆ ಕಾಲಾಳಿನ ಎದುರು ಎರಡಂಕ, ಕುದುರೆ ಏರಿದವನ ಎದುರು ನಾಲ್ಕು. ನದಿಯ ದಡ ಹೇಳಿಮಾಡಿಸಿದ ಜಾಗ.

ಉಳಿದ ಒಂದು ಆನೆಗೆ ಕುಡಿಸಿ. ಕುಡಿದ ಆನೆಗೆ ಒಂದಂಕ ಹೆಚ್ಚು, ಆದರೆ ಸರದಿಯ ಆರಂಭದಲ್ಲಿ ಅದಕ್ಕೆಂದೇ ಒಂದು ದಾಳ. ಒಂದು ಬಿದ್ದರೆ ಎದುರಾಳಿ ಅದನ್ನು ತನಗೆ ಬೇಕಾದ ಕಡೆ ಓಡಿಸಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಗೆಲುವಿನ ಲೆಕ್ಕ. ನೀವಿಬ್ಬರೂ ನಾಲ್ಕು ತುಕಡಿ ಕೊಲ್ಲಲು ಆಡುತ್ತಿದ್ದೀರಿ. ಪುಲಕೇಶಿ ಹರ್ಷನನ್ನು ಕೊಲ್ಲಬೇಕಿರಲಿಲ್ಲ, ತಡೆದರೆ ಸಾಕಿತ್ತು. ಹತ್ತು ಸರದಿಯೊಳಗೆ ಹರ್ಷನ ಐದು ತುಕಡಿ ದಕ್ಷಿಣ ದಡದಲ್ಲಿ ನಿಂತಿರದಿದ್ದರೆ ಆಟ ನಿಮ್ಮದು. ಆಗ ಅವಸರ ಹುಡುಗನದು, ತಾಳ್ಮೆ ನಿಮ್ಮದು.

ಒಮ್ಮೆ ಬೆಂಗಳೂರಿಗೆ ಬಂದಾಗ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿ ಬೇಗೂರಿನ ವೀರಗಲ್ಲು ನೋಡಿ. ಗಂಗರ ಕಾಲದ್ದು, ನಿಮ್ಮ ಸೈನ್ಯಕ್ಕಿಂತ ಎರಡೂವರೆ ಶತಮಾನ ಈಚಿನದು. ಆದರೆ ಆನೆ, ಕುದುರೆ, ಬಿದ್ದವರು, ಬಿದ್ದವರನ್ನು ತುಳಿದವರು ಎಲ್ಲರನ್ನೂ ಒಂದೇ ಕಲ್ಲಿನಲ್ಲಿ ಹೇಗೆ ತುರುಕಿದ್ದಾನೆ ನೋಡಿ. ಪಟ್ಟಿಯ ಮೇಲೆ ಗೊಂಬೆ ಅಂಟಿಸುವುದನ್ನು ನಾನು ಅಲ್ಲಿ ಕಲಿತೆ.

ಗದಗಿನ ಡ್ರಾಯಿಂಗ್ ಮಾಸ್ತರ (ಹನ್ನೊಂದು ವಾರಗಳ ನಂತರ)

ಎಲ್ಲರಿಗೂ ಸಾಷ್ಟಾಂಗ. ತಡವಾಯಿತು, ನಡುವೆ ಶಾಲೆಯ ಪರೀಕ್ಷೆ, ಪ್ರತಿಭಾ ಕಾರಂಜಿ.

ಡೆಟಾಲ್‌ನಿಂದ ರವೆ ಹೋಯಿತು. ಮನೆಯಲ್ಲಿ ಮೂರು ದಿನ ಆಸ್ಪತ್ರೆಯ ವಾಸನೆ. ಬಂದವರೆಲ್ಲ ಯಾರಿಗೆ ಹುಷಾರಿಲ್ಲ ಎಂದು ಕೇಳಿದರು.

ಪುಲಕೇಶಿಯ ಸೈನ್ಯದಲ್ಲಿ ಈಗ ಬಹುಪಾಲು ಕೋರಾ. ಒಂದು ತುಕಡಿ ಮಂಜಿಷ್ಠದ್ದು, ಒಂದು ತಿಳಿನೀಲಿ, ಒಂದರಲ್ಲಿ ಅಡ್ಡಪಟ್ಟೆ. ಪಟ್ಟೆಗೆ ಕುಂಚದ ಕೂದಲು ಕಿತ್ತು ಕಿತ್ತು ಮೂರೇ ಉಳಿಸಿದೆ. ನಾಲ್ವರಿಗೆ ಒಂದು ಭಾನುವಾರ ಪೂರ್ತಿ ಹೋಯಿತು. ಹಸಿರು ಸ್ವಲ್ಪ ಆಟ ಆಡಿಸಿತು. ಮೊದಲು ಹಸಿರು ಬಳಿದು ಮೇಲೆ ನೀಲಿ ಸವರಿದೆ, ಹೊಸ ಬಟ್ಟೆಗೆ ಶಾಯಿ ಚೆಲ್ಲಿದಂತಾಯಿತು. ಆಮೇಲೆ ಮೊದಲು ಮಂಕು ನೀಲಿ ಬಳಿದು, ಮಡಿಕೆಯೊಳಗೆ ಮಾತ್ರ ತೆಳುವಾದ ಹಳದಿ ಇಳಿಬಿಟ್ಟೆ. ಬಂತು. ಇಳಕಲ್ಲಿನ ಅಣ್ಣನವರೇ, ಶಾಲು ಕಳುಹಿಸಿ.

ಹರ್ಷನ ಕಡೆಯವರಿಗೆ ಕುಸುಬೆ ರುಮಾಲು, ಅವರದು ದೂರದ ಪ್ರಯಾಣವಲ್ಲವೇ. ಮುಂದಿನ ಸಾಲಿನಿಂದ ಹಿಂದಕ್ಕೆ ಹೋದಂತೆ ಬಣ್ಣ ಇಳಿಯುತ್ತದೆ. ಪಟ್ಟಿಗಳಿಗೆ ಮಲಪ್ರಭೆಯ ಮರಳನ್ನು ಜರಡಿ ಹಿಡಿದು ಅಂಟಿಸಿದೆ. ನರ್ಮದೆಯ ಮರಳು ಅಲ್ಲ ಎಂದು ಶಾಸನಪ್ರಿಯರು ಬರೆಯುವುದಕ್ಕೆ ಮುಂಚೆ ನಾನೇ ಒಪ್ಪಿಕೊಳ್ಳುತ್ತೇನೆ. ಪಾಳಿಧ್ವಜವನ್ನು ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದೇನೆ, ಮೊಮ್ಮಗನ ಸೈನ್ಯ ಮಾಡುವ ದಿನಕ್ಕೆ.

ಹೊಸ ನಿಯಮದಲ್ಲಿ ಏಳು ಆಟವಾಯಿತು. ನಾಲ್ಕು ನನ್ನವು, ಅದರಲ್ಲಿ ಮೂರು ಬರೀ ಹೊತ್ತು ಕಳೆದು ಗೆದ್ದದ್ದು. ಹುಡುಗನ ನಾಲ್ಕು ಆನೆಗಳು ಒಂದೇ ದಿಣ್ಣೆಯ ಮೇಲೆ ರೇಷನ್ ಅಂಗಡಿಯ ಸಾಲಿನಂತೆ ನಿಂತದ್ದನ್ನು ನೋಡಬೇಕಿತ್ತು. ಐದನೆಯ ಆಟದಲ್ಲಿ ನನ್ನ ಕುಡಿದ ಆನೆಗೆ ಒಂದು ಬಿತ್ತು. ಹುಡುಗ ಅದನ್ನು ನೇರವಾಗಿ ನನ್ನ ಬಿಲ್ಲಾಳುಗಳೊಳಗೆ ಓಡಿಸಿದ. ಅಲ್ಲಿಗೆ ಆ ಆಟ ಹೋಯಿತು. ಈಗ ಅವನು ‘ಸರ್, ಇನ್ನು ಮೇಲೆ ನಾನು ಪುಲಕೇಶಿ’ ಎನ್ನುತ್ತಿದ್ದಾನೆ. ಆಗಲಿ ಎಂದಿದ್ದೇನೆ. ಆದರೆ 642ರಲ್ಲಿ ಪಲ್ಲವ ನರಸಿಂಹವರ್ಮ ವಾತಾಪಿಗೆ ಬಂದದ್ದನ್ನು ಇನ್ನೂ ಹೇಳಿಲ್ಲ. ಅಳಿಯನಿಗೆ ಮೂರನೆಯ ಸೈನ್ಯಕ್ಕೆ ಬರೆದಾಗಿದೆ.

ಸದ್ಯ ಆಟ ನಿಂತಿದೆ. ನಮ್ಮ ಮನೆಯವರು ಮೈಸೂರು ಕಡೆಯವರು, ನವರಾತ್ರಿಗೆ ಬೊಂಬೆ ಕೂರಿಸುತ್ತಾರೆ. ಶಾಲೆಯಿಂದ ಬರುವಷ್ಟರಲ್ಲಿ ಎರಡೂ ಸೈನ್ಯಗಳನ್ನು ಬೆರೆಸಿ ಜಂಬೂ ಸವಾರಿಯ ಹಿಂದೆ ನಿಲ್ಲಿಸಿದ್ದಾರೆ. ವಿಜಯದಶಮಿ ಕಳೆಯುವವರೆಗೆ ಮುಟ್ಟುವಂತಿಲ್ಲ. ನೋಡಲು ಬರುವ ಮಕ್ಕಳೆಲ್ಲ ಮುಟ್ಟುತ್ತಿದ್ದಾರೆ, ಒಂದು ಕಿವಿಯ ಗುಲಾಬಿ ಆಗಲೇ ಉದುರಿದೆ. ಅವು ಕೆಳಗಿಳಿದ ಕೂಡಲೇ ವಾರ್ನಿಶ್ ಹಾಕಬೇಕು. ಹೊಳಪಿನದೋ, ಮ್ಯಾಟೋ?

ದಾಳ ಬಿದ್ದಂತೆ

ಎರಡೂ. ಮೊದಲು ಹೊಳಪಿನದು, ಅದು ಗಟ್ಟಿ, ಬೆರಳಿಗೆ ತಡೆಯುತ್ತದೆ. ಮರುದಿನ ಅದರ ಮೇಲೆ ಮ್ಯಾಟ್. ಮಳೆ ಪೂರ್ತಿ ನಿಂತ ಮೇಲೆ ಹಾಕಿ. ಗಾಳಿಯಲ್ಲಿ ತೇವವಿದ್ದರೆ ಸ್ಪ್ರೇ ಮ್ಯಾಟ್ ಬೂಸ್ಟು ಹಿಡಿದಂತೆ ಬಿಳಿಚಿಕೊಳ್ಳುತ್ತದೆ.

ಇಳಕಲ್ಲಿನ ಬಣ್ಣಗಾರ

ಆನೆಯ ಮೇಲಿನವನ ಅರಗುಗೆಂಪಿಗೆ ಮ್ಯಾಟ್ ಬೇಡ, ರೇಷ್ಮೆ ಹೊಳೆಯಲಿ. ಉಳಿದವರದು ಹತ್ತಿ. ಹಸಿರಿನವನ ಫೋಟೋ ಹಾಕಿ, ಹೆಗಲು ಹತ್ತಿರದಿಂದ ಕಾಣಬೇಕು. ನೋಡಿದ ಮೇಲೆ ಶಾಲಿನ ಮಾತು.